ಹೂಂಗುಟ್ಟಿದವರು ಯಾರು?

ದೆವ್ವ, ಪೀಡೆ, ಗಾಳಿ ಸೋಂಕು ಅಂತ ಯಾರಾದರೂ ಶುರು ಮಾಡಿದರೆ ನಾನು ನಗುತ್ತಿದ್ದವನು. ನಕ್ಕು ಸುಮ್ಮನಾಗುತ್ತಿರಲಿಲ್ಲ. ಹೇಳುವವರನ್ನು ಕೆಣಕಿ, ಅಡ್ಡಪ್ರಶ್ನೆ ಹಾಕಿ, ಅವರು ಬೇಜಾರಾಗಿ ಎದ್ದು ಹೋಗುವ ತನಕ ಬಿಡುತ್ತಿರಲಿಲ್ಲ. ಪಕ್ಕದ ಊರು ಕೋರದಿಂದ ದಿನಾ ನಮ್ಮ ಆಫೀಸಿಗೆ ಬರುತ್ತಿದ್ದ ಹಿರಿಯರೊಬ್ಬರು, ಹೈವೇ ಪಕ್ಕದ ಒಂದು ಹುಣಸೆಮರದ ಕೆಳಗೆ ತಮ್ಮ ಸ್ಕೂಟರ್ ತಾನಾಗಿ ನಿಂತುಹೋಗುತ್ತದೆ ಅಂತ ಹೇಳಿದಾಗ, "ಪೆಟ್ರೋಲ್ ಹಾಕಿಸಿ ಸಾರ್, ದೆವ್ವ ತಾನಾಗೇ ಇಳಿದು ಹೋಗುತ್ತೆ" ಅಂದಿದ್ದೆ. ಆಮೇಲೆ ಅವರು ನನ್ನ ಹತ್ತಿರ ಊಟದ ಡಬ್ಬಿ ಬಿಚ್ಚುವುದನ್ನೇ ನಿಲ್ಲಿಸಿದರು.

ಈಗ ನಾನು ಹೇಳುವುದನ್ನು ಓದಿ ನೀವೂ ಹಾಗೇ ನಕ್ಕರೆ ನನಗೇನೂ ಬೇಸರವಿಲ್ಲ. ಒಂದಕ್ಕೆ ಎರಡು ಸೇರಿಸಿ ಹೇಳುವ ಚಾಳಿ ನನಗಿದೆ, ನನ್ನನ್ನು ಬಲ್ಲವರಿಗೆ ಅದು ಗೊತ್ತು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಸೇರಿಸಿ ಹೇಳಲು ನನಗೆ ಧೈರ್ಯವಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಆಗಷ್ಟೇ ತುಮಕೂರಿನಲ್ಲಿ ಕೆಲಸಕ್ಕೆ ಸೇರಿ, ಸದಾಶಿವನಗರದಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ಗುಬ್ಬಿಯಲ್ಲಿ ನಮ್ಮ ತಂದೆಯ ಅಕ್ಕ ಜಯತ್ತೆಯ ಮನೆ. ಊರಿನ ಅಂಚಿನಲ್ಲಿ ನಾಡಹೆಂಚಿನ ಮನೆ, ಹಿಂದೆ ತೆಂಗಿನ ತೋಟ, ತೋಟದ ಮೂಲೆಯಲ್ಲಿ ಕಲ್ಲುಕಟ್ಟಿನ ಬಾವಿ. ಜಯತ್ತೆಗೆ ಮಕ್ಕಳಿರಲಿಲ್ಲ. ಅತ್ತೆ, ಅವಳ ಗಂಡ ಹೊನ್ನಪ್ಪ ಮಾವ, ಮಾವನ ತಮ್ಮ ಶಿವಣ್ಣ, ಇಷ್ಟೇ ಜನ. ಶಿವಣ್ಣ ನನಗಿಂತ ಸ್ವಲ್ಪ ದೊಡ್ಡವನು. ಅವನು ಹಾಲು ಬಿಡುವ ಮುಂಚೆಯೇ ತಾಯಿ ತೀರಿಕೊಂಡಿದ್ದರಿಂದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಜಯತ್ತೆಯೇ. "ಅತ್ಗೆ" ಅಂತ ಕರೆಯುತ್ತಿದ್ದ, ಆದರೆ ಅಮ್ಮ ಅನ್ನುವಂಥ ದನಿಯಲ್ಲಿ.

ನನಗೆ ನಾಲ್ಕು ಮಾತು ನೆಟ್ಟಗೆ ಆಡಲು ಬಂದಿದ್ದರೆ ಅದು ಜಯತ್ತೆಯಿಂದ. ಬೇಸಿಗೆ ರಜಕ್ಕೆ ಆ ಮನೆಗೆ ಹೋದರೆ ಸಂಜೆಯಾಗುತ್ತಿದ್ದಂತೆ ಕತೆ. ಕತೆ ಹೇಳುವಾಗ ಅವಳದೊಂದು ಕಟ್ಟುನಿಟ್ಟು: ಕೇಳುವವರು ಹೂಂಗುಟ್ಟಲೇಬೇಕು. ಹೂಂ ಬರದಿದ್ದರೆ ರಾಜಕುಮಾರ ಹುತ್ತದೊಳಗೆ ಕೈ ಹಾಕಿದವನು ಹಾಗೇ ಇರುತ್ತಿದ್ದ, ಅತ್ತೆ ಬಾಯಿ ತೆರೆಯುತ್ತಿರಲಿಲ್ಲ. ಹೂಂ ಬಂತೋ, ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ನಿಲ್ಲಿಸುತ್ತಿರಲಿಲ್ಲ. "ಹೂಂ ಅಂದ್ಮೇಲೆ ಮುಂದ್ಕೆ ಹೇಳ್ಬೇಕು ಕಣೋ, ಅದು ಕಟ್ಟು" ಅನ್ನುತ್ತಿದ್ದಳು. ನಮ್ಮ ಕಡೆ ಹಳಬರೆಲ್ಲ ಹಾಗೇ. ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೂಂಗುಟ್ಟುತ್ತಿದ್ದವರು ಹೊನ್ನಪ್ಪ ಮಾವ. ನಡುಮನೆಯ ಕಂಬಕ್ಕೆ ಒರಗಿ ಕೂರುತ್ತಿದ್ದರು. ದವಡೆಯ ತುಂಬ ಎಲೆ ಅಡಿಕೆ, ಕಡ್ಡಿಪುಡಿ. ಬಾಯಿ ತೆರೆದರೆ ಪಂಚೆ ಹಾಳು. ಹಾಗಾಗಿ ಅವರ ಹೂಂ ಮೂಗಿನಿಂದ ಬರುತ್ತಿತ್ತು, ತಗ್ಗಿನಲ್ಲಿ ಹುಟ್ಟಿ ಮೇಲಕ್ಕೇಳುತ್ತಿತ್ತು, 'ಆಮೇಲೆ?' ಅಂತ ಕೇಳುವ ಹಾಗೆ. ಅಂಥ ಹೂಂ ಅನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ನಾವೆಲ್ಲ ದೊಡ್ಡವರಾಗಿ ಕತೆ ಕೇಳುವವರು ಇಲ್ಲದಾದ ಮೇಲೆ ಅತ್ತೆ ರೇಡಿಯೋಗೆ ಅಂಟಿಕೊಂಡಳು. ಅದರಲ್ಲೂ ವಾರಕ್ಕೊಮ್ಮೆ ಬರುವ ನಾಟಕ. ಅಭ್ಯಾಸ ಎಲ್ಲಿ ಬಿಡುತ್ತದೆ? ರೇಡಿಯೋದವನು ಮಾತಾಡಿದರೂ ಅತ್ತೆ "ಹೂಂ" ಅನ್ನುತ್ತಿದ್ದಳು, ಕಂಬದ ಹತ್ತಿರದಿಂದ ಮಾವನೂ "ಹೂಂ" ಅನ್ನುತ್ತಿದ್ದರು. ಶಿವಣ್ಣ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಅಲ್ಲ ಅತ್ಗೆ, ನೀವಿಬ್ರೂ ಹೂಂ ಅನ್ನದಿದ್ರೆ ಅವ್ನು ಬೆಂಗ್ಳೂರಲ್ಲಿ ಮೈಕು ಆಫ್ ಮಾಡ್ಕಂಡು ಮನೆಗೋಯ್ತಾನಾ?" ಅಂತ ಕಾಡಿಸುತ್ತಿದ್ದ.

ಹೊನ್ನಪ್ಪ ಮಾವ ಸತ್ತದ್ದು ಅದೇ ತೋಟದ ಬಾವಿಯಲ್ಲಿ. ಆ ವರ್ಷ ನೀರು ತೀರಾ ಕೆಳಗಿಳಿದು, ಡೀಸೆಲ್ ಎಂಜಿನ್ನನ್ನು ಬಾವಿಯೊಳಗಿನ ಕಲ್ಲಿನ ಚಾಚಿನ ಮೇಲೆ ಇಳಿಸಿದ್ದರು. ಒಂದು ಬೆಳಿಗ್ಗೆ ಎಂಜಿನ್ ಓಡಿ ಓಡಿ ನೀರು ಎಳೆಯದೆ ನಿಂತಿತು. ಏನಾಗಿದೆ ನೋಡೋಣ ಅಂತ ಮಾವ ಇಳಿದರು. ಹಗ್ಗದ ತುದಿಗೆ ದಪ್ಪ ಕೋಲು ಕಟ್ಟಿ, ಅದರ ಮೇಲೆ ಕೂತು ಇಳಿಯುವುದು. ಹಗ್ಗ ರಾಟೆಯ ಮೇಲಿಂದ ಬಂದು, ತೆಂಗಿನ ಮರಕ್ಕೆ ಒಂದು ಸುತ್ತು ಹಾಕಿ, ಮೇಲಿನವನ ಕೈಯಲ್ಲಿ ಇರುತ್ತದೆ. ಮೇಲೆ ಇದ್ದವನು ಶಿವಣ್ಣ. ಕೂಲಿಯವನು ಸ್ಪ್ಯಾನರ್ ತರಲು ಮನೆಗೆ ಹೋಗಿದ್ದ. ಅವನು ವಾಪಸ್ಸು ಬರುವಷ್ಟರಲ್ಲಿ ಶಿವಣ್ಣ ಬಾವಿಕಟ್ಟೆಯ ಮೇಲೆ ಬೋರಲು ಬಿದ್ದು ಕೂಗುತ್ತಿದ್ದನಂತೆ. ಎಂಜಿನ್ ಹೊಗೆ ಕೆಳಗೆ ಕಟ್ಟಿಕೊಂಡಿತ್ತು, ಉಸಿರು ಸಿಕ್ಕದೆ ಜ್ಞಾನ ತಪ್ಪಿ ಬಿದ್ದಿದ್ದಾರೆ ಅಂತ ಎಲ್ಲರೂ ಅಂದರು. ಪೊಲೀಸರೂ ಹಾಗೇ ಬರೆದುಕೊಂಡು ಹೋದರು. ಅದರಲ್ಲಿ ಯಾರಿಗೂ ಅನುಮಾನ ಬರಲಿಲ್ಲ, ನನಗೂ ಬರಲಿಲ್ಲ.

ಅಣ್ಣತಮ್ಮಂದಿರ ನಡುವೆ ಆಗ ಒಂದು ವಿಷಯಕ್ಕೆ ಮನಸ್ತಾಪ ನಡೆದಿತ್ತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಶಿವಣ್ಣ ಟೆಂಪೋ ಓಡಿಸುತ್ತಿದ್ದ. ಕುಣಿಗಲ್‌ಗೆ ಕಾಯಿ ಹೊತ್ತುಕೊಂಡು ಹೋದಾಗಲೆಲ್ಲ ಒಂದು ಟೀ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ, ಆ ಅಂಗಡಿಯವರ ಮಗಳು ಭಾಗ್ಯಳನ್ನು ಮೆಚ್ಚಿಕೊಂಡಿದ್ದ. ಮಾವ ಅಷ್ಟರಲ್ಲಿ ಕೋರದ ಸ್ನೇಹಿತರೊಬ್ಬರಿಗೆ, ನಿಮ್ಮ ಮಗಳನ್ನು ನಮ್ಮ ಮನೆಗೇ ತಂದುಕೊಳ್ಳುತ್ತೇವೆ ಅಂತ ಮಾತು ಕೊಟ್ಟುಬಿಟ್ಟಿದ್ದರು. ಅವರದು ಒಂದೇ ಹಟ, ಇವನದು ಒಂದೇ ಹಟ. ಮಾವ ಹೋದ ಮೇಲೆ ಕೋರದವರು ತಾವಾಗಿಯೇ ಹಿಂದೆ ಸರಿದರು. ವರ್ಷ ಕಳೆಯಿತು. ಜಯತ್ತೆಯೇ ಮುಂದೆ ನಿಂತು, "ಇನ್ನು ಆ ಕುಣಿಗಲ್ ಹುಡ್ಗೀನೇ ತರಾಣ" ಅಂತ ಹೇಳಿ ಕಳಿಸಿದಳು. ತಾಂಬೂಲ ಬದಲಾಯಿಸುವ ದಿನ ಗೊತ್ತಾಯಿತು. ಗಂಡಿನ ಕಡೆ ಬೇರೆ ಗಂಡಸರಿಲ್ಲ, ನೀನು ಬಂದೇ ಬರಬೇಕು ಅಂದಳು. ಹಿಂದಿನ ದಿನ ಸಂಜೆ ಆಫೀಸು ಮುಗಿಸಿ ಗುಬ್ಬಿಯ ಬಸ್ಸು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಕರೆಂಟು ಹೋಗಿತ್ತು. ಆ ಕಾಲದಲ್ಲಿ ಅದೇನು ಹೊಸದಲ್ಲ. ಅತ್ತೆ ಲಾಟೀನನ್ನು ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದಳು. ನಡುಮನೆಗೆ ಅದರ ಬೆಳಕು ಬಾಗಿಲ ತನಕ ಬಂದು ನಿಲ್ಲುತ್ತಿತ್ತು, ಅಷ್ಟೇ. ಶಿವಣ್ಣ ಹೊಸ್ತಿಲ ಹತ್ತಿರ ಕೂತು, ನಾಳೆಗೆ ಅಂತ ತಂದಿದ್ದ ಹೊಸ ಚಪ್ಪಲಿ ಕಾಲು ಕಚ್ಚದಿರಲಿ ಅಂತ ಪಟ್ಟಿಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದ.

"ಏನ್ಲಾ ಮದ್ಲಿಂಗ, ಈಗ್ಲೇ ಇಷ್ಟು ಸೇವೆ ಮಾಡ್ತಿದ್ದೀಯಾ ಚಪ್ಲಿಗೆ?" ಅಂದೆ.

"ಸುಮ್ಕಿರೋ. ಅವ್ರ ಮನೆ ಮುಂದೆ ಕುಂಟ್ಕಂಡು ಹೋದ್ರೆ ಗಂಡಿಗೆ ಕಾಲಿಲ್ಲ ಅಂದ್ಕತಾರೆ" ಅಂದ. ಖುಷಿಯಾಗಿದ್ದ. ವರ್ಷದಿಂದ ಅವನ ಮುಖದಲ್ಲಿ ಅಷ್ಟು ಗೆಲುವನ್ನು ನಾನು ನೋಡಿರಲಿಲ್ಲ.

ನಾಟಕದ ಹೊತ್ತಾಯಿತು. ಕಂಬದ ಪಕ್ಕದ ಗೋಡೆಗೂಡಿನಲ್ಲಿ ಟ್ರಾನ್ಸಿಸ್ಟರ್ ಇತ್ತು. ಅದರ ಸೆಲ್ಲುಗಳಿಗೆ ವಯಸ್ಸಾಗಿತ್ತು. ಅತ್ತೆ ಅವನ್ನು ಹಗಲೆಲ್ಲ ಬಿಸಿಲಿಗಿಟ್ಟು, ಇನ್ನೊಂದು ವಾರ ಎಳೆಯಬಹುದು ಅಂತ ಹಾಕುತ್ತಿದ್ದಳು. ನಾನು ಗೋಡೆಯ ಕಡೆಯ ಮಂಚದ ಮೇಲೆ ಕಾಲು ಚಾಚಿದೆ. ಅತ್ತೆ ಬಂದು ಚಾಪೆಯ ಮೇಲೆ ಕೂತಳು.

ನಾಟಕ ಒಂದು ಕೊಲೆಯದು. ರೈಲಿನಲ್ಲಿ ಒಬ್ಬ ಮನುಷ್ಯ ಎದುರಿಗೆ ಕೂತ ಅಪರಿಚಿತನಿಗೆ ತನ್ನ ಕತೆ ಹೇಳುತ್ತಾನೆ. ಅವನದೂ ಅವನ ಗೆಳೆಯನದೂ ಜೊತೆಯಲ್ಲಿ ಒಂದು ಮರ ಕೊಯ್ಯುವ ಮಿಲ್ಲು. ಗೆಳೆಯನ ಸಾವು ಅಪಘಾತ ಅಂತ ಊರೆಲ್ಲ ನಂಬಿದೆ. ಇವನೊಬ್ಬನಿಗೆ ನಿದ್ದೆಯಿಲ್ಲ. ಅದಕ್ಕೇ ಗುರುತಿಲ್ಲದವನ ಮುಂದೆ ಎಲ್ಲ ಬಿಚ್ಚುತ್ತಿದ್ದಾನೆ. ಎದುರಿಗಿರುವವನು ಒಂದು ಮಾತೂ ಆಡುವುದಿಲ್ಲ. ರೈಲಿನ ಸದ್ದು, ಇವನ ಮಾತು, ನಡುನಡುವೆ "ಕೇಳ್ತಾ ಇದ್ದೀರಾ ಸ್ವಾಮಿ?" ಅನ್ನುವ ಒಂದು ಪ್ರಶ್ನೆ, ಅದರ ಹಿಂದೆ ಬರೀ ಚಕ್ರದ ಸದ್ದು. ಆ ನಟ ಯಾರೋ ನನಗೆ ಗೊತ್ತಿಲ್ಲ. ಆ ಪ್ರಶ್ನೆ ಕೇಳುವಾಗ ನಮ್ಮ ಕಿವಿಗೇ ಬಾಯಿ ಇಟ್ಟು ಕೇಳಿದ ಹಾಗಿತ್ತು.

"ಹೂಂ, ಹೇಳಪ್ಪ" ಅಂದಳು ಅತ್ತೆ. ಶಿವಣ್ಣ ಮೊದಮೊದಲು ನಕ್ಕ. ಆಮೇಲೆ ಅವನ ಕೈ ಚಪ್ಪಲಿಯ ಮೇಲೆ ನಿಂತಿತು.

ಎಸರು ಕುದಿಯುವ ಸದ್ದು ಕೇಳಿ ಅತ್ತೆ ಎದ್ದು ಅಡುಗೆಮನೆಗೆ ಹೋದಳು. ಮುದ್ದೆಯ ಹಿಟ್ಟು ಹಾಕಿ ಕೋಲಿನಿಂದ ತೊಳಸುವ ಸದ್ದು ಶುರುವಾಯಿತು. ಆ ಕೆಲಸ ಗೊತ್ತಿರುವವರಿಗೆ ನಾನು ಹೇಳಬೇಕಾಗಿಲ್ಲ, ಎರಡು ಕಾಲಿನಲ್ಲಿ ಪಾತ್ರೆಯನ್ನು ಒತ್ತಿಹಿಡಿದು ಕೂತರೆ ಮುಗಿಯುವ ತನಕ ಏಳುವ ಹಾಗಿಲ್ಲ. ರೇಡಿಯೋದವನು ಮತ್ತೆ ಕೇಳಿದ: "ಕೇಳ್ತಾ ಇದ್ದೀರಾ ಸ್ವಾಮಿ?"

"ಹೂಂ."

ಅತ್ತೆ ಅಂದಳು ಅಂದುಕೊಂಡೆ. ನಾಟಕ ಮುಂದೆ ಹೋಯಿತು. ಇನ್ನೊಂದು ಸಲ ಆ ಪ್ರಶ್ನೆ, ಇನ್ನೊಂದು ಸಲ "ಹೂಂ." ಈ ಸಲ ಒಳಗೆ ಕೋಲು ಪಾತ್ರೆಗೆ ಬಡಿಯುವ ಸದ್ದು ಅದರ ಜೊತೆಗೇ ಕೇಳಿಸಿತು. ಅತ್ತೆ ಅಲ್ಲಿದ್ದಾಳೆ, ಹೂಂ ಇಲ್ಲಿಂದ ಬಂದಿದೆ. ಅದೂ ಮೂಗಿನಿಂದ ಬಂದ ಹೂಂ, ತಗ್ಗಿನಿಂದ ಮೇಲಕ್ಕೆ ಎದ್ದ ಹೂಂ. ಶಿವಣ್ಣ ಅಣ್ಣನ ದನಿ ಅನುಕರಿಸುತ್ತಿದ್ದಾನೆ ಅಂತ ನನಗೆ ಒಂಥರಾ ಆಯಿತು. ಸತ್ತವರನ್ನು ಆಡಿಕೊಳ್ಳುವುದು ಏನು ಚೆಂದ, ಅತ್ತೆಗೆ ಕೇಳಿಸಿದರೆ ಏನಾದೀತು ಅಂತ ಬಾಯಿ ತೆರೆಯಬೇಕು, ಅಷ್ಟರಲ್ಲಿ ಅವನೇ ಪಿಸುದನಿಯಲ್ಲಿ ಅಂದ:

"ಲೇ, ಹಂಗ್ ಮಾಡ್ಬೇಡ ಕಣೋ. ಅದು ತಮಾಷೆ ಅಲ್ಲ."

"ನಾನೆಲ್ಲಿ ಮಾಡ್ದೆ? ನೀನೇ ಮಾಡ್ತಿದ್ದೀಯ ಅಂದ್ಕಂಡೆ ನಾನು" ಅಂದೆ.

ನನಗೆ ಎದ್ದು ರೇಡಿಯೋ ಆರಿಸಿಬಿಡೋಣ ಅನ್ನಿಸಿತು. ಆದರೆ ರೇಡಿಯೋ ಇದ್ದದ್ದು ಕಂಬದ ಪಕ್ಕದಲ್ಲಿ. ಕಂಬದ ಕಡೆ ಹೋಗಲು ನನ್ನ ಕಾಲು ಒಪ್ಪಲಿಲ್ಲ. ಅಲ್ಲೇನಾದರೂ ಕಂಡಿತಾ ಅಂತ ನೀವು ಕೇಳಬಹುದು. ಏನೂ ಕಾಣಲಿಲ್ಲ. ಕತ್ತಲೆ ಇತ್ತು, ಕತ್ತಲೆಯಲ್ಲಿ ಕಂಬ ಇತ್ತು. ಅಷ್ಟೇ ಇದ್ದದ್ದಕ್ಕೆ ನನಗೆ ಅಷ್ಟೊಂದು ಭಯವಾಯಿತು.

ನಾಟಕದವನು ಆಗ ಕೊಲೆಯ ಹತ್ತಿರಕ್ಕೆ ಬಂದಿದ್ದ. ಗೆಳೆಯನ ಕಾಲು ಜಾರಿತು, ಓಡುತ್ತಿರುವ ಗರಗಸದ ಕಡೆ ವಾಲಿದ. ಅಷ್ಟು ಹೊತ್ತಿಗೆ ಸೆಲ್ಲಿನ ಜೀವ ಮುಗಿಯುತ್ತಾ ಬಂತು. ಆ ದನಿ ಸಣ್ಣಗಾಗಿ, ದೂರವಾಗಿ, ಗೋಡೆಯ ಆಚೆ ಯಾರೋ ಮಾತಾಡುವ ಹಾಗೆ ಆಯಿತು. "ಅವನು ನನ್ನ ಕಡೆ ಕೈ ಚಾಚಿದ. ಸ್ವಾಮಿ, ನಾನು..."

ನಿಂತುಹೋಯಿತು. ರೇಡಿಯೋದ ಸಣ್ಣ ಗುಯ್‌ಗುಟ್ಟುವಿಕೆಯೂ ಇಲ್ಲ. ಒಳಗೆ ಮುದ್ದೆಯ ಕೋಲೂ ಅದೇ ಕ್ಷಣಕ್ಕೆ ನಿಂತಿತ್ತು. ಮನೆಯಲ್ಲಿ ಒಂದು ಸದ್ದಿಲ್ಲ.

ಆ ನಿಶ್ಶಬ್ದದೊಳಗೆ, ಕಂಬದ ಬುಡದಿಂದ, ಕತೆ ನಡುವೆ ನಿಂತಾಗ ಮುಂದಕ್ಕೆ ಹೇಳು ಅಂತ ಕೇಳುವ ಹಾಗೆ, ನಿಧಾನವಾಗಿ ಬಂತು.

"ಹೂಂ?"

ಶಿವಣ್ಣನ ಕೈಯಿಂದ ಚಪ್ಪಲಿ ಜಾರಿ ನೆಲಕ್ಕೆ ಬಿತ್ತು. ಆಮೇಲೆ ಅವನು ಮಾತಾಡಿದ. ನನ್ನ ಜೊತೆ ಅಲ್ಲ. ಕಂಬದ ಕಡೆ ಮುಖ ಮಾಡಿ, ಚಿಕ್ಕ ಹುಡುಗನ ದನಿಯಲ್ಲಿ.

"ಎಳಿ ಅಂದೆ ನೀನು. ನಂಗೆ ಕೇಳುಸ್ತು ಕಣಣ್ಣ."

"ಹೂಂ."

"ಬೆಳಿಗ್ಗೆ ಅವ್ಳಿಗೆ ಅಷ್ಟೊಂದು ಅಂದಿದ್ದಲ್ಲ ನೀನು. ಟೀ ಲೋಟ ತೊಳ್ಯೋಳು ಅಂದೆ. ಸ್ವಲ್ಪ ಹೊತ್ತು ನೇತಾಡ್ಲಿ ಅಂತ ಹಗ್ಗ ಹಿಡ್ಕಂಡು ಸುಮ್ನೆ ನಿಂತ್ಕಂಡೆ. ಒಂದು ಗಳಿಗೆ ಕಣಣ್ಣ. ಸಾಯ್ಲಿ ಅಂತ ಅಲ್ಲ."

"ಹೂಂ."

"ಆಮೇಲೆ ಎಳುದ್ರೆ ಹಗ್ಗ ಹಗುರಾಗಿತ್ತು."

ಅಷ್ಟು ಹೇಳಿ ಅವನು ಬಾಯಿಗೆ ಟವಲ್ಲು ಒತ್ತಿಕೊಂಡ. ಇದಕ್ಕೇನು ಬರುತ್ತದೆ, ಈಗ ಏನು ಕೇಳಿಸುತ್ತದೆ ಅಂತ ನನ್ನ ಕಿವಿಯೆಲ್ಲ ಆ ಕಡೆಗೇ ಇತ್ತು. ಅಷ್ಟರಲ್ಲಿ ಕರೆಂಟು ಬಂತು. ಟ್ಯೂಬ್‌ಲೈಟು ಚಟಪಟ ಅಂದು ಎರಡು ಸಲ ಮಿಣುಕಿ ಹತ್ತಿತು, ಪಕ್ಕದ ಮನೆಯ ಮಕ್ಕಳು ಹೋ ಅಂತ ಕೂಗಿದರು, ಎಲ್ಲೋ ಟೀವಿ ಒದರಿತು. ಕಂಬದ ಹತ್ತಿರ ಯಾರೂ ಇರಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಜಯತ್ತೆ ನಿಂತಿದ್ದಳು. ಕೈಯಲ್ಲಿ ಮುದ್ದೆಯ ಕೋಲು ಹಾಗೇ ಇತ್ತು.

ಅವಳು ಕಿರುಚಲಿಲ್ಲ, ಅಳಲಿಲ್ಲ. ಮೂರು ತಟ್ಟೆ ಹಾಕಿ ಮುದ್ದೆ ಇಟ್ಟಳು, ಸಾರು ಬಿಟ್ಟಳು. ಮೂವರೂ ತಟ್ಟೆ ನೋಡುತ್ತಾ ಕೂತೆವು. ಶಿವಣ್ಣ ಒಂದು ತುತ್ತು ಮುರಿದ, ನುಂಗಲಿಲ್ಲ. ಎದ್ದು ಜಗುಲಿಗೆ ಹೋದ. ಆ ರಾತ್ರಿ ನಾನು ಲೈಟು ಆರಿಸಲು ಬಿಡಲಿಲ್ಲ. ಮಂಚವನ್ನು ಅತ್ತೆಯ ಚಾಪೆಯ ಹತ್ತಿರಕ್ಕೆ ಎಳೆದುಕೊಂಡು ಮಲಗಿದೆ. ಕೆಲಸಕ್ಕೆ ಸೇರಿದ ಗಂಡಸು ನಾನು, ಹೇಳಿಕೊಳ್ಳಲು ನಾಚಿಕೆಯೇ. ಒಂದು ಸಲ ಕಣ್ಣು ಬಿಟ್ಟು ನೋಡಿದರೆ ಅತ್ತೆ ಗೋಡೆಗೆ ಒರಗಿ ಕೂತು ಕಂಬವನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಹಿತ್ತಿಲಲ್ಲಿ ಹಂಡೆ ಒಲೆಗೆ ಸೋಗೆ ತುರುಕುತ್ತಾ, ನನ್ನ ಕಡೆ ನೋಡದೆ ಕೇಳಿದಳು: "ಶಿವು ರಾತ್ರಿ ಅದನ್ನ ಯಾರ್ಗೆ ಹೇಳ್ದ? ನಿಂಗಾ?"

ನನಗೆ ಆಶ್ಚರ್ಯವಾಯಿತು. "ಅತ್ತೆ, ನಿಂಗೆ ಕೇಳಿಸ್ಲಿಲ್ವಾ?"

"ಅವ್ನು ಹೇಳಿದ್ದೆಲ್ಲ ಕೇಳುಸ್ತು. ಎದುರ್ಗೆ ಯಾರೂ ಏನೂ ಕೇಳ್ಲಿಲ್ವಲ್ಲ, ತಾನಾಗೇ ಯಾಕ್ ಹೇಳ್ದ?"

ಆಗ ನನಗೆ ನಿಜವಾದ ಭಯವಾಯಿತು. ಅವಳು ಬಾಗಿಲಲ್ಲೇ ನಿಂತಿದ್ದವಳು. ಶಿವಣ್ಣನ ಸಣ್ಣ ದನಿಯ ಮಾತು ಅಷ್ಟೂ ಕೇಳಿಸಿದೆ. ಅದಕ್ಕಿಂತ ಗಟ್ಟಿಯಾಗಿದ್ದ ಹೂಂ ಒಂದೂ ಕೇಳಿಸಿಲ್ಲ. ನಾನು ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಮಾವನದೇ ದನಿ, ಮಾವನದೇ ಹೂಂ, ನನಗೂ ಕೇಳಿಸಿತು, ಅವನಿಗೂ ಕೇಳಿಸಿತು ಅಂದೆ.

ಅತ್ತೆ ಸೋಗೆ ಹಿಡಿದ ಕೈ ಹಾಗೇ ಇಟ್ಟುಕೊಂಡು ಕೂತಳು. ಅವಳ ಮುಖ ನೋಡಿ ನನಗೆ ಅನ್ನಿಸಿದ್ದು, ಕೋಪ ಬಂದದ್ದು ಮೈದುನನ ಮೇಲಲ್ಲ.

"ವರ್ಷದಿಂದ ಒಬ್ಳೇ ಕೂತ್ಕಂಡು ಆ ರೇಡಿಯೋಗೆ ಹೂಂ ಹೂಂ ಅಂತಿದೀನಲ್ಲೋ. ನಿಮ್ಮಾವ ನಂಗೊಂದ್ ಸಲ ಅನ್ನಬಾರ್ದಾಗಿತ್ತಾ?" ಅಂದಳು. ಸೆರಗಿನಿಂದ ಕಣ್ಣು ಒರೆಸಿಕೊಂಡು, ಹೊಗೆ ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಪೂರ್ತಿ ಕೇಳ್ದ ಮೇಲೆ? ಕೊನೇಗೆ ಹೂಂ ಅಂದ್ರಾ, ಇಲ್ವಾ?"

ಅವಳು ಯಾಕೆ ಕೇಳುತ್ತಿದ್ದಾಳೆ ಅಂತ ನನಗೆ ಅರ್ಥವಾಯಿತು. ಕೊನೆಯ ಮಾತಿಗೂ ಹೂಂ ಅಂದಿದ್ದರೆ ಮಾವ ತಮ್ಮನನ್ನು ಕ್ಷಮಿಸಿದ ಹಾಗೆ. ಕುಣಿಗಲ್‌ಗೆ ಹೋಗುವುದೋ ಬಿಡುವುದೋ, ಈ ಮೈದುನನ ಜೊತೆ ಒಂದೇ ಸೂರಿನ ಕೆಳಗೆ ಇರುವುದೋ ಬಿಡುವುದೋ, ಎಲ್ಲ ಅದರ ಮೇಲೇ ನಿಂತಿತ್ತು. ಅಂದರು ಅಂತ ಹೇಳಿಬಿಡಬಹುದಿತ್ತು. ಬಾಯಿ ಬರಲಿಲ್ಲ. "ಗೊತ್ತಾಗ್ಲಿಲ್ಲ ಅತ್ತೆ. ಅಷ್ಟರಲ್ಲಿ ಕರೆಂಟು ಬಂತು" ಅಂದೆ.

ಅವಳು ಎದ್ದು ಜಗುಲಿಗೆ ಹೋದಳು. ನಾನೂ ಹಿಂದೆ ಹೋದೆ. ಶಿವಣ್ಣ ರಾತ್ರಿಯ ಬಟ್ಟೆಯಲ್ಲೇ ಕೂತಿದ್ದ. ಕಣ್ಣು ಕೆಂಡದಂತಾಗಿತ್ತು. ತಲೆ ಎತ್ತದೆ, "ನಾನ್ ಬರಲ್ಲ ಅತ್ಗೆ. ಅವ್ರಿಗೆ ಹೇಳಿ ಕಳ್ಸುಬುಡು. ನಂಗೆ ಮದ್ವೆ ಬ್ಯಾಡ. ಪೊಲೀಸ್ ಟೇಸನ್‌ಗೆ ಬೇಕಾದ್ರೂ ಹೋಗ್ತೀನಿ" ಅಂದ.

"ಕೊನೇಗೆ ಏನಂದ್ರು ನಿಮ್ಮಣ್ಣ?"

ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳಿಗೆ ಎಲ್ಲ ಗೊತ್ತಾಗಿದೆ ಅಂತ ಆಗ ಅವನಿಗೆ ತಿಳಿದಿರಬೇಕು. ಅವನೂ ಸುಳ್ಳು ಹೇಳಬಹುದಿತ್ತು. ಒಂದು ಮಾತಿನಲ್ಲಿ ಎಲ್ಲ ಸರಿಹೋಗುತ್ತಿತ್ತು.

"ಏನೂ ಅನ್ಲಿಲ್ಲ ಅತ್ಗೆ" ಅಂದ.

ರಸ್ತೆಯಲ್ಲಿ ಹಾಲಿನವನು ಜಯತ್ತೆಯನ್ನು ಮಾತಾಡಿಸಿ ಹೋದ. ಆಮೇಲೆ ಅವಳು ಶಿವಣ್ಣನ ಹೆಗಲ ಮೇಲಿನ ಟವಲ್ಲು ಎಳೆದು, ಕೊಡವಿ, ಅವನ ಮಡಿಲಿಗೆ ಎಸೆದಳು.

"ನಿಮ್ಮಣ್ಣ ಯಾವತ್ತು ಕತೆ ಮುಗಿಯೋಗಂಟ ಎಚ್ಚರ ಇದ್ರು? ಕೊನೆ ಬರಾ ಹೊತ್ಗೆ ನಿದ್ದೆ ಹೋಗ್ತಿದ್ರು. ಏಳು, ನೀರು ಕಾದದೆ. ಬಸ್ಸು ಹೋಯ್ತದೆ."

ನಾವು ಕುಣಿಗಲ್‌ಗೆ ಹೋದೆವು. ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಿದ್ದಳು, ಮಡಿಲಲ್ಲಿ ಹಣ್ಣುಕಾಯಿಯ ಚೀಲ. ಶಿವಣ್ಣ ಹಿಂದೆ ಎಲ್ಲೋ ನಿಂತಿದ್ದ. ಹೆಬ್ಬೂರು ದಾಟಿದ ಮೇಲೆ ನನಗೆ ಇದ್ದಕ್ಕಿದ್ದ ಹಾಗೆ ನೆನಪಾಯಿತು. ಆ ಮನೆಯಲ್ಲಿ ಕತೆಯ ನಡುವೆ ನಿದ್ದೆ ಹೋಗುತ್ತಿದ್ದವರು ನಾವು, ಹುಡುಗರು. ನಾವೆಲ್ಲ ಉರುಳಿಕೊಂಡ ಮೇಲೂ ಮಾವ ಕಂಬಕ್ಕೆ ಒರಗಿ, ಕಟ್ಟಕಡೆಯ ಮಾತಿನ ತನಕ ಹೂಂಗುಟ್ಟಿ, ಅದಾದ ಮೇಲೇ ಎಲೆ ಉಗಿಯಲು ಏಳುತ್ತಿದ್ದರು. ಒಂದು ದಿನವಾದರೂ ಅವರು ಮೊದಲು ನಿದ್ದೆ ಹೋದದ್ದು ನಾನು ಕಂಡಿಲ್ಲ. ಅತ್ತೆಯ ಕಡೆ ತಿರುಗಿ ನೋಡಿದೆ. ಅವಳು ನನ್ನ ಮುಖ ನೋಡಿದಳು, ಮತ್ತೆ ಕಿಟಕಿಯ ಆಚೆ ನೋಡಿದಳು. ನಾನು ಕೇಳಲಿಲ್ಲ.

ತಾಂಬೂಲ ಬದಲಾಯಿತು. ಹೆಣ್ಣಿನ ತಂದೆ ಟೀ ಅಂಗಡಿಯ ಬಾಗಿಲು ಹಾಕಿ, ಹೊಸ ಪಂಚೆ ಉಟ್ಟು, ಕೈ ಜೋಡಿಸಿಕೊಂಡೇ ಓಡಾಡುತ್ತಿದ್ದರು. ಹೊರಡುವಾಗ ಅತ್ತೆಯನ್ನು, "ನಮ್ಮ ಮಗು ನಿಮ್ಮನೇಲಿ ಸುಖವಾಗಿರ್ತಾಳಾ ತಾಯಿ?" ಅಂತ ಕೇಳಿದರು. ಎಲ್ಲರೂ ಕೇಳುವ ಮಾತೇ. ಅತ್ತೆ, "ನಾನಿದೀನಲ್ಲ" ಅಂದಳು. ಹಾಗೆ ಅನ್ನುವಾಗ ಅವಳು ನೋಡುತ್ತಿದ್ದದ್ದು ಶಿವಣ್ಣನನ್ನು.

ಮದುವೆಯಾಯಿತು. ಶಿವಣ್ಣ 'ಬಾವಿ ಬೇಡ' ಅಂತ ಬೋರ್‌ವೆಲ್ ಹಾಕಿಸಿ, ಬಾವಿಗೆ ಚಪ್ಪಡಿ ಮುಚ್ಚಿಸಿದ. ಭಾಗ್ಯ ಒಳ್ಳೆಯ ಹುಡುಗಿ, ಎರಡು ಮಕ್ಕಳಾದವು. ಅತ್ತೆಗೆ ಕಾಲು ಊದಿ ಹಾಸಿಗೆ ಹಿಡಿದಾಗ ಶಿವಣ್ಣನೇ ಅವಳನ್ನು ಎತ್ತಿ ಬಚ್ಚಲಿಗೆ ಒಯ್ದು, ತಲೆ ಬಾಚಿ, ಊಟ ಮಾಡಿಸುತ್ತಿದ್ದ. ಪ್ರಾಯಶ್ಚಿತ್ತ ಅನ್ನಬೇಕೋ ಪ್ರೀತಿ ಅನ್ನಬೇಕೋ, ನನಗೆ ತಿಳಿಯದು. ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ವರ್ಷ ಅತ್ತೆ ಅವನ ತೊಡೆಯ ಮೇಲೇ ಪ್ರಾಣ ಬಿಟ್ಟಳು.

ಈ ಸಂಗತಿಗೆ ನಾನು ಏನೇನೋ ಕಾರಣ ಹುಡುಕಿದ್ದೇನೆ. ಹೆಂಚಿನಡಿ ಪಾರಿವಾಳ ಇದ್ದಿರಬಹುದು, ರೇಡಿಯೋದಲ್ಲೇ ಹಾಗೆ ಸದ್ದು ಬಂದಿರಬಹುದು ಅಂದುಕೊಂಡೆ. ಸೆಲ್ಲು ಸತ್ತ ರೇಡಿಯೋ ಹೇಗೆ ಹೂಂ ಅನ್ನುತ್ತದೆ? ಶಿವಣ್ಣನ ಮನಸ್ಸಿನ ಭಾರವೇ ಅವನಿಗೆ ಹಾಗೆ ಕೇಳಿಸಿತು ಅಂತ ಒಬ್ಬ ಡಾಕ್ಟರ್ ಸ್ನೇಹಿತ ಹೇಳಿದ. ಅವನಿಗೆ ಕೇಳಿಸಿದ್ದು ಸರಿ. ಬಾವಿಯ ಹತ್ತಿರ ನಡೆದದ್ದರ ಸುಳಿವೇ ಇಲ್ಲದ ನನಗೆ ಯಾಕೆ ಕೇಳಿಸಿತು? ಗಂಡನ ಒಂದು ಹೂಂಗಾಗಿ ವರ್ಷವಿಡೀ ಕಾದಿದ್ದವಳಿಗೆ ಯಾಕೆ ಕೇಳಿಸಲಿಲ್ಲ? ಹುಣಸೆಮರದ ಹಿರಿಯರನ್ನು ಆಡಿಕೊಂಡ ಬಾಯಿ ಇದು. ಈಗ ಯಾರಾದರೂ ಅಂಥ ಮಾತು ಎತ್ತಿದರೆ ಸುಮ್ಮನೆ ಕೇಳಿಸಿಕೊಳ್ಳುತ್ತೇನೆ, ನಡುವೆ ಹೂಂ ಮಾತ್ರ ಅನ್ನುವುದಿಲ್ಲ.

ಅತ್ತೆಯ ತಿಥಿಯೆಲ್ಲ ಮುಗಿದು ಕೆಲವು ತಿಂಗಳ ಮೇಲೆ ಶಿವಣ್ಣ ಏನೋ ಕೆಲಸದ ಮೇಲೆ ತುಮಕೂರಿಗೆ ಬಂದವನು ಸದಾಶಿವನಗರದ ನಮ್ಮ ಮನೆಗೆ ಬಂದ. ತಲೆ ಪೂರ್ತಿ ನರೆತಿತ್ತು. ಮಕ್ಕಳ ಓದು, ಕಾಯಿ ರೇಟು, ಅದು ಇದು ಮಾತಾಡಿದ. ನನ್ನ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಲೋಟ ಹಿಡಿದುಕೊಂಡು ಒಳಬಾಗಿಲ ಕಡೆ ಒಮ್ಮೆ ನೋಡಿದ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಆ ಸಂಜೆಯ ಮಾತು ಎತ್ತಿರಲಿಲ್ಲ.

"ಕರೆಂಟು ಬಂತಲ್ಲ ಅವತ್ತು," ಅಂದ, "ಆ ಲೈಟು ಚಟಪಟ ಅಂತಲ್ಲ, ಆ ಸದ್ದೊಳಗೆ ನಿಂಗೇನಾದ್ರೂ ಕೇಳುಸ್ತೇನೋ? ನಿಜ ಹೇಳು. ಅತ್ಗೆ ಸಮಾಧಾನಕ್ಕೆ ಹಂಗಂದ್ಲು, ಅದು ನಂಗೊತ್ತು. ಅಣ್ಣ ಯಾವತ್ತೂ ನಡುವೆ ನಿದ್ದೆ ಹೋದೋನಲ್ಲ."

ಅವನ ಕಣ್ಣು ನನ್ನ ಮುಖದ ಮೇಲೇ ಇತ್ತು. ಇಲ್ಲ ಅನ್ನಲು ನನಗೆ ಖಾತ್ರಿಯಿಲ್ಲ. ಹೌದು ಅನ್ನಲೂ ಖಾತ್ರಿಯಿಲ್ಲ. ಆ ಚಟಪಟದೊಳಗೆ ಏನೋ ಇತ್ತು ಅಂತ ಕೆಲವು ದಿನ ಅನ್ನಿಸುತ್ತದೆ, ಕೆಲವು ದಿನ ಬರೀ ಟ್ಯೂಬ್‌ಲೈಟು ಅನ್ನಿಸುತ್ತದೆ. ಅದನ್ನೇ ಹೇಳಿದೆ.

ಅವನು ಲೋಟ ಕೆಳಗಿಟ್ಟ. "ಇನ್ನೊಂದು ಗಳಿಗೆ ಬಿಟ್ಟು ಬರಬಾರ್ದಾಗಿತ್ತಾ ಕರೆಂಟು" ಅಂದ. ಕಾಫಿ ಅರ್ಧಕ್ಕರ್ಧ ಹಾಗೇ ಇತ್ತು. ಗುಬ್ಬಿ ಬಸ್ಸಿನ ಹೊತ್ತಾಯಿತು ಅಂತ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಗೇಟು ಹಾಕಿಕೊಂಡು ಹೋದ.